ನುಣ್ಣಗಾದಷ್ಟೂ ಒಡೆಯದ ಕಲ್ಲು

ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಅದಿರಿನಲ್ಲಿ ಚಿನ್ನವಿರುವುದು ಟನ್ನಿಗೆ ಕೆಲವೇ ಗ್ರಾಂಗಳಷ್ಟು. ಅದೂ ಕಲ್ಲಿನೊಳಗೆ ಸೂಕ್ಷ್ಮ ಕಣಗಳಾಗಿ ಹುದುಗಿರುವುದರಿಂದ, ಅದನ್ನು ಕರಗಿಸಿಕೊಳ್ಳುವ ಸಯನೈಡ್ ದ್ರಾವಣವು ಲೋಹವನ್ನು ಮುಟ್ಟಬೇಕಾದರೆ ಮೊದಲು ಕಲ್ಲು ಹಿಟ್ಟಾಗಬೇಕು. ಚಿನ್ನದ ಅದಿರನ್ನು ಸಾಮಾನ್ಯವಾಗಿ 75 ಮೈಕ್ರಾನ್ ಆಸುಪಾಸಿಗೆ, ಅಂದರೆ ಮಿಲಿಮೀಟರಿನ ಹದಿಮೂರನೆಯ ಒಂದು ಭಾಗದಷ್ಟು ನುಣುಪಿಗೆ ಅರೆಯಲಾಗುತ್ತದೆ. ಈ ಕೆಲಸ ನಡೆಯುವುದು ಬಾಲ್ ಮಿಲ್ಲಿನಲ್ಲಿ, ಎಂದರೆ ಉಕ್ಕಿನ ಗುಂಡುಗಳನ್ನು ತುಂಬಿಕೊಂಡು ಅಡ್ಡಲಾಗಿ ತಿರುಗುವ ಭಾರಿ ಉರುಳೆಯಲ್ಲಿ. ಉರುಳೆ ನಿಧಾನವಾಗಿ ತಿರುಗಿದರೆ ಗುಂಡುಗಳು ಜಾರಿ ಕಲ್ಲನ್ನು ಉಜ್ಜುತ್ತವೆ, ವೇಗ ಹೆಚ್ಚಿದರೆ ಮೇಲಕ್ಕೇರಿ ಬಿದ್ದು ಬಡಿಯುತ್ತವೆ, ವೇಗ ಮಿತಿಮೀರಿದರೆ ಗೋಡೆಗೆ ಒತ್ತಿಕೊಂಡು ಸುಮ್ಮನೆ ಸುತ್ತುತ್ತವೆ.

ಎರಡು ಗುಂಡುಗಳ ನಡುವೆ ಸಿಕ್ಕ ಕಣದ ಮೇಲೆ ಹೊರಗಿನಿಂದ ಬೀಳುವುದು ಒತ್ತಡವೇ ಆದರೂ, ಅದನ್ನು ಸೀಳುವುದು ಆ ಒತ್ತಡದಿಂದ ಒಳಗೆ ಅಡ್ಡಲಾಗಿ ಹುಟ್ಟುವ ಎಳೆತ. ಗುಂಡು ತಾಗಿದ ಜಾಗದಲ್ಲಿ ಒಂದಿಷ್ಟು ಕಲ್ಲು ಪುಡಿಯಾಗುತ್ತದೆ. ಉಳಿದ ಭಾಗದಲ್ಲಿ ಮೊದಲೇ ಇದ್ದ ಬಿರುಕೊಂದು ಬೆಳೆದು ಕಣವು ಕೆಲವು ದೊಡ್ಡ ಚೂರುಗಳಾಗಿ ಬೇರ್ಪಡುತ್ತದೆ. ಆದ್ದರಿಂದ ಒಂದೇ ಪೆಟ್ಟಿನಿಂದ ಒಂದೇ ಗಾತ್ರದ ಚೂರುಗಳು ಎಂದೂ ಹುಟ್ಟುವುದಿಲ್ಲ.

ಬಿರುಕಿನ ಈ ಪಾತ್ರವನ್ನು 1921ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. ಗಾಜಿನ ಎಳೆ ತೆಳುವಾದಷ್ಟೂ ಅದರ ಬಲ ಹೆಚ್ಚುವುದನ್ನು ಅವರು ಅಳೆದು ತೋರಿಸಿದರು. ಕಲ್ಲಿನ ಕಣಕ್ಕೂ ಇದು ಅನ್ವಯಿಸುತ್ತದೆ: ದೊಡ್ಡ ಬಿರುಕುಗಳು ಮೊದಲ ಪೆಟ್ಟುಗಳಲ್ಲೇ ಖರ್ಚಾಗಿ, ಉಳಿಯುವ ಚೂರು ಚಿಕ್ಕದಾದರೂ ಹೆಚ್ಚು ಗಟ್ಟಿಯಾಗಿರುತ್ತದೆ. ಇದಕ್ಕೊಂದು ಕೊನೆಯೂ ಉಂಟು. ಒಂದು ಗಾತ್ರಕ್ಕಿಂತ ಕೆಳಗೆ ಕಣವನ್ನು ಎಷ್ಟೇ ಒತ್ತಿದರೂ ಬಿರುಕು ಓಡದೆ ಕಣವು ಲೋಹದ ಹಾಗೆ ಚಪ್ಪಟೆಯಾಗುತ್ತದೆ ಎಂದು ವಿಜ್ಞಾನಿ ಕೆವಿನ್ ಕೆಂಡಾಲ್ 1978ರಲ್ಲಿ ತೋರಿಸಿದರು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿಗೆ ಆ ಮಿತಿ ಸುಮಾರು 1 ಮೈಕ್ರಾನ್. ಅಷ್ಟು ಕೆಳಗಿಳಿಯುವ ಮೊದಲೇ ಹಿಟ್ಟಿನ ಕಣಗಳು ಗುಂಡುಗಳಿಗೂ ಒಂದಕ್ಕೊಂದೂ ಅಂಟಿಕೊಳ್ಳತೊಡಗುವುದು ಬೇರೆಯೇ ತಾಪತ್ರಯ. ಸಿಮೆಂಟ್ ಕಾರ್ಖಾನೆಗಳು ಅದನ್ನು ತಡೆಯಲೆಂದು ಅತ್ಯಲ್ಪ ಪ್ರಮಾಣದಲ್ಲಿ ರಾಸಾಯನಿಕವನ್ನು ಬೆರೆಸುತ್ತವೆ.

ಕಲ್ಲನ್ನು ಹೀಗೆ ನುಣ್ಣಗೆ ಅರೆಯುವುದರ ಬೆಲೆಯನ್ನು ತೆರಬೇಕಾದುದು ವಿದ್ಯುತ್ತಿನಲ್ಲಿ. ಎಂಜಿನಿಯರ್ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ದೊಡ್ಡ ಬಂಡೆಯನ್ನು 100 ಮೈಕ್ರಾನಿಗೆ ತರಲು ಹಿಡಿಯುವಷ್ಟೇ ಶಕ್ತಿ ಅದನ್ನು 100ರಿಂದ 25ಕ್ಕೆ ಇಳಿಸಲೂ ಬೇಕು. ಆ ಶಕ್ತಿಯ ಬಹುಪಾಲು ಕಲ್ಲನ್ನು ಒಡೆಯದೆ ಶಾಖವಾಗಿ ಹೋಗುತ್ತದೆ. ಆದ್ದರಿಂದಲೇ ಗಿರಣಿಗಳಲ್ಲಿ, ಸುಳಿಯಂತೆ ತಿರುಗುವ ನೀರಿನಲ್ಲಿ ಕಣಗಳನ್ನು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಎಂಬ ಸಾಧನವನ್ನು ಮಿಲ್ಲಿಗೆ ಜೋಡಿಸಿ, ಸಾಕಷ್ಟು ನುಣ್ಣಗಾದುದನ್ನು ಹೊರಗೆ ಕಳಿಸಿ ದಪ್ಪ ಕಣಗಳನ್ನಷ್ಟೇ ಮತ್ತೆ ಅರೆಯಲು ಬಿಡುತ್ತಾರೆ.