ಪಿಕ್ಟ್ ಜನರ ಸಂಕೇತಶಿಲೆಗಳು

ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿ ಸ್ಕಾಟ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಬಾಳಿದ ಜನರನ್ನು ಇತಿಹಾಸವು 'ಪಿಕ್ಟರು' ಎಂದು ಕರೆಯುತ್ತದೆ. ಕ್ರಿ.ಶ. 297ರ ಲ್ಯಾಟಿನ್ ಪ್ರಶಸ್ತಿಭಾಷಣವೊಂದರಲ್ಲಿ ಮೊದಲು ಕಾಣಸಿಗುವ ಈ ಹೆಸರು ರೋಮನ್ನರು ಇಟ್ಟದ್ದು. ಅವರ ಕುರಿತು ನಾವು ಬಲ್ಲುದರಲ್ಲಿ ಬಹುಭಾಗ ಅನ್ಯರು ಬರೆದುದೇ ಆಗಿದೆ. ಪರವರ್ತಿ ಕಾಲದ ಪ್ರತಿಗಳಲ್ಲಿ ಉಳಿದುಬಂದ ಅರಸರ ಪಟ್ಟಿಯನ್ನು ಬಿಟ್ಟರೆ, ಅವರು ತಾವಾಗಿ ಉಳಿಸಿಹೋದ ಮುಖ್ಯ ಸಾಕ್ಷ್ಯವೆಂದರೆ ಕೆತ್ತಿದ ಕಲ್ಲುಗಳು. ಆದುದರಿಂದಲೇ ಅವುಗಳ ಅರ್ಥನಿರ್ಣಯಕ್ಕೆ ಇಷ್ಟು ಮಹತ್ತ್ವ.

ಅರ್ಧಚಂದ್ರ ಮತ್ತು ಅದರ ಮೇಲೆ ಹಾಯ್ದ ಮುರಿದ ಕೋಲು, ಜೋಡಿ ಚಕ್ರ, ಕನ್ನಡಿ, ಬಾಚಣಿಗೆ, ಹಾವು, ಸಾಲ್ಮನ್ ಮೀನು, ಹದ್ದು, ಯಾವ ಪ್ರಾಣಿಯೆಂದು ಗುರುತಿಸಲಾಗದ ಉದ್ದ ಮೂತಿಯ ಮೃಗ: ಇವು ಅಲ್ಲಿನ ಪ್ರಮುಖ ಚಿಹ್ನೆಗಳು. 1903ರಲ್ಲಿ ಆಲನ್ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ಈ ಜನರ ಶಿಲೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಒರಟು ಬಂಡೆಯ ಮೇಲೆ ಬರಿಯ ಚಿಹ್ನೆಗಳ ರೇಖೆ. ಎರಡನೆಯದರಲ್ಲಿ ನಯಗೊಳಿಸಿದ ಫಲಕದ ಮೇಲೆ ಶಿಲುಬೆ ಹಾಗೂ ಚಿಹ್ನೆಗಳ ಉಬ್ಬುಶಿಲ್ಪ. ಮೂರನೆಯದರಲ್ಲಿ ಶಿಲುಬೆ ಉಳಿದು ಚಿಹ್ನೆಗಳು ಮರೆಯಾಗುತ್ತವೆ.

ಈ ಚಿಹ್ನೆಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಬರುವುದು ಗಮನಾರ್ಹ. ಇವು ಕುಲಲಾಂಛನಗಳೆಂದೂ, ವಿವಾಹಸಂಬಂಧದ ಗುರುತುಗಳೆಂದೂ, ವ್ಯಕ್ತಿನಾಮಗಳೆಂದೂ ಭಿನ್ನಾಭಿಪ್ರಾಯಗಳುಂಟು. 2010ರಲ್ಲಿ ರಾಬ್ ಲೀ ಮತ್ತು ಸಂಗಡಿಗರು ಚಿಹ್ನೆಗಳ ಅನುಕ್ರಮವನ್ನು ಗಣಿತರೀತ್ಯಾ ಪರೀಕ್ಷಿಸಿ, ಇವು ಲಿಪಿಯ ಲಕ್ಷಣವನ್ನು ಹೊಂದಿವೆಯೆಂದು ಪ್ರತಿಪಾದಿಸಿದರು. ಆದರೆ ಕ್ರಮಬದ್ಧತೆಯು ಭಾಷೆಗೆ ಮಾತ್ರ ಮೀಸಲಾದ ಗುಣವಲ್ಲ, ಲಿಪಿಯಲ್ಲದ ಚಿಹ್ನೆಗಳಲ್ಲಿಯೂ ಅದು ಇರಬಲ್ಲುದೆಂಬ ಆಕ್ಷೇಪ ಅದರ ಬೆನ್ನಲ್ಲೇ ಬಂದಿತು.

ಇಲ್ಲಿ ಕಾಲನಿರ್ಣಯವು ಸಹಾಯಕ್ಕೆ ಬರುತ್ತದೆ. ಡನಿಕೇರ್ ಎಂಬ ಕಡಲಬಂಡೆಯ ಕೋಟೆಯ ಉತ್ಖನನವನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ಚಿಹ್ನೆಗಳ ಉಗಮ 3–4ನೆಯ ಶತಮಾನದಷ್ಟು ಹಿಂದಿನದಿರಬಹುದೆಂದು ತೋರಿಸಿತು. ಎಂದರೆ ಕ್ರೈಸ್ತಧರ್ಮ ಅಲ್ಲಿ ನೆಲೆಗೊಳ್ಳುವ ಮೊದಲೇ ಇದ್ದ ಚಿಹ್ನೆಗಳು ಮುಂದೆ ಶಿಲುಬೆಯ ಜೊತೆಯಲ್ಲಿಯೇ ಸ್ಥಾನ ಪಡೆದವು. ಅವು ಹಳೆಯ ದೇವತೆಗಳ ಚಿಹ್ನೆಗಳಾಗಿದ್ದರೆ ಹೊಸ ಧರ್ಮ ಅವುಗಳನ್ನು ಹೀಗೆ ಉಳಿಸಿಕೊಳ್ಳುತ್ತಿದ್ದುದು ಸಂದೇಹಾಸ್ಪದ. ವ್ಯಕ್ತಿಯ ಅಥವಾ ಮನೆತನದ ಹೆಸರನ್ನು ಅವು ಸೂಚಿಸುತ್ತಿದ್ದವೆಂಬ ಪಕ್ಷಕ್ಕೆ ಇದರಿಂದ ಬಲ ಬರುತ್ತದೆ.

ಆದರೂ ಬಲವಾದ ಊಹೆಯನ್ನು ಸಿದ್ಧಾಂತವೆಂದು ಭಾವಿಸಲಾಗದು. ಈಜಿಪ್ಟಿನ ಚಿತ್ರಲಿಪಿಗೆ ರೊಸೆಟ್ಟಾ ಶಿಲೆಯ ಗ್ರೀಕ್ ಪಾಠ ಆಧಾರವಾಯಿತು. ಪಿಕ್ಟರ ಚಿಹ್ನೆಗಳಿಗೆ ಅಂತಹ ದ್ವಿಭಾಷಾಶಾಸನ ದೊರೆತಿಲ್ಲ. ಸೇಂಟ್ ವಿಜಿಯನ್ಸ್‌ನ ಶಿಲೆಯೊಂದರಲ್ಲಿ ಚಿಹ್ನೆಗಳೊಡನೆ ಲ್ಯಾಟಿನ್ ಅಕ್ಷರಗಳಲ್ಲಿ ಡ್ರೋಸ್ಟೆನ್ ಎಂಬ ಹೆಸರಿದ್ದರೂ, ಯಾವ ಚಿಹ್ನೆ ಯಾವ ಹೆಸರಿಗೆ ಸಲ್ಲುತ್ತದೆಂಬುದು ಸಿದ್ಧವಾಗಿಲ್ಲ. ಅತ್ತ ಗಾಳಿಮಳೆಗಳು ರೇಖೆಗಳನ್ನು ಸವೆಸುತ್ತಿವೆ. ಅಬರ್ಲೆಮ್ನೊ ಗ್ರಾಮದ ರಸ್ತೆಬದಿಯ ಶಿಲೆಗಳಿಗೆ ಚಳಿಗಾಲದಲ್ಲಿ ಮರದ ಹೊದಿಕೆ ಹಾಕುವುದು ಇದಕ್ಕಾಗಿಯೇ. ಇಂದು ಓದಲಾಗದ ರೇಖೆಗಳನ್ನು ಮುಂದೆ ಓದಬಲ್ಲವರಿಗಾಗಿ ಕಾಪಾಡುವುದು ವ್ಯಾಖ್ಯಾನಕ್ಕಿಂತ ಮೊದಲಿನ ಕರ್ತವ್ಯ.