ಕೋವಿಗೆ ಹೊಸ ಹಿಡಿ: ಮರ ನೋಡುವ ಕಣ್ಣು

ಕನಮಡಿ, ತಿಕೋಟಾ ಸೀಮೆಯ ಬಡಿಗೇರಿಗೆ ಜಾಲಿಮರ ಹೊಸದಲ್ಲ. ಕೊಡಲಿಗೆ ಕಾವು ಕೂಡಿಸುವಾಗ ಮರದ ಬಣ್ಣಕ್ಕಿಂತ ಎಳೆ ಎತ್ತ ಓಡಿದೆ ಎಂಬುದೇ ದೊಡ್ಡದು. ಬೇಟೆಕೋವಿಯ ಮುರಿದ ಹಿಡಿಗೆ ಬದಲಿ ಆರಿಸುವವರೂ ಮೊದಲು ಇದನ್ನೇ ನೋಡಬೇಕು. ಕರ್ನಾಟಕದಲ್ಲಿ ಕೋವಿಯ ಹಿಡಿಯ ಪ್ರಶ್ನೆ ಮನೆಮಾತಾಗಿರುವುದು ಕೊಡಗಿನಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ನಿಷೇಧವಿದೆ, ಆದರೆ ಕೋವಿ ಮನೆ ಬಿಟ್ಟು ಹೋಗಿಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಜ್ಜನ ಕಾಲದ ನಳಿಗೆ ಮೊಮ್ಮಗನ ಕಾಲಕ್ಕೂ ಗಟ್ಟಿಯಾಗಿದ್ದೀತು. ಮೊದಲು ಸೋಲುವುದು ಮರ.

ಅದು ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ: ಕುದುರೆಯ (ಟ್ರಿಗರ್) ಹಿಂದೆ, ಅಂಗೈ ಸುತ್ತುವ ಸಣಕಲು ಭಾಗದಲ್ಲಿ. ಈಡು ಹಾರಿದಾಗ ಕೋವಿ ಒದೆಯುವ ಬಲವೆಲ್ಲ ಅಲ್ಲಿಂದಲೇ ಭುಜಕ್ಕೆ ದಾಟಬೇಕು. ಅಲ್ಲಿ ಎಳೆ ಉದ್ದಕ್ಕೆ ಓಡದೆ ಓರೆಯಾಗಿ ಕಡಿದು ಹೋಗಿದ್ದರೆ ಎಂಥ ಜಾತಿಮರವೂ ಸೀಳುತ್ತದೆ. ಹಾಗಾದರೆ ಮರದ ಜಾತಿಗೆ ಬೆಲೆಯೇ ಇಲ್ಲವೇ? ಇದೆ. ಅಕ್ರೋಟ್ ಮರಕ್ಕೆ ಹೆಸರು ಬಂದದ್ದು ಅದು ಹದವಾದ ತೂಕದ್ದು, ಉಳಿಗೆ ಬಗ್ಗುತ್ತದೆ, ಒಮ್ಮೆ ಒಣಗಿದರೆ ಹೆಚ್ಚು ಅಲುಗುವುದಿಲ್ಲ ಎಂಬ ಕಾರಣಕ್ಕೆ. ತೇಗ ತೇವಕ್ಕೆ ಜಗ್ಗದು, ಆದರೆ ಎಳೆಯುದ್ದಕ್ಕೆ ಬೇಗ ಸೀಳುತ್ತದೆ. ಬೀಟೆ ಭಾರ, ಭಾರದ ಕೋವಿ ಕಡಿಮೆ ಒದೆಯುತ್ತದೆ ಎನ್ನುವವರ ಮಾತು ಸುಳ್ಳಲ್ಲ, ಆದರೆ ಆ ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮೂತಿ ಮೇಲೇಳುತ್ತದೆ. ನಮ್ಮ ಜಾಲಿ ಗಟ್ಟಿ, ಆದರೆ ಗಂಟು ಬಹಳ, ಉದ್ದನೆಯ ನೇರ ತುಂಡು ಸಿಗುವುದು ಕಷ್ಟ. ಜಾತಿಗಿಂತಲೂ ಮುಖ್ಯ ಒಣಗಿದ ಹದ. ಒಂದು ಅಂಗುಲ ದಪ್ಪಕ್ಕೆ ನೆರಳಿನಲ್ಲಿ ಒಂದು ವರ್ಷ ಎಂಬ ಹಳೆಯ ಲೆಕ್ಕದಂತೆ ಎರಡೂವರೆ ಅಂಗುಲದ ದಿಮ್ಮಿ ಎರಡೂವರೆ ವರ್ಷ ಕಾಯಬೇಕು. ಹಸಿಮರ ಕೂಡಿಸಿದರೆ ಅದು ಕುಗ್ಗಿ ತಿರುಪು ಸಡಿಲಾಗುತ್ತದೆ, ಗುರಿ ತಪ್ಪುತ್ತದೆ.

ಇಷ್ಟೆಲ್ಲ ಯಾಕೆ, ಫೈಬರ್ ಹಿಡಿ ಹಾಕಿದರಾಯಿತಲ್ಲ ಎಂಬ ಆಕ್ಷೇಪ ಬಲವಾದದ್ದೇ. ಮಡಿಕೇರಿಯ ಮಳೆಯಲ್ಲಿ ಅದು ಉಬ್ಬುವುದಿಲ್ಲ, ಬಾಗುವುದಿಲ್ಲ. ಕಾರ್ಖಾನೆಯ ರೈಫಲ್ಲಿಗೆ, ಅದೇ ಮಾದರಿಯ ಹಿಡಿ ಸಿಗುವುದಾದರೆ, ನಾನೂ ಅದನ್ನೇ ಹೇಳುತ್ತೇನೆ. ಕೈಯಲ್ಲಿ ಮಾಡಿದ ಹಳೆಯ ಕೇಪಿನ ಕೋವಿಗೆ ಮಾತ್ರ ಅಚ್ಚಿನ ಹಿಡಿ ಕೂರದು. ಕಬ್ಬಿಣದ ಆಕಾರಕ್ಕೆ ತಕ್ಕಂತೆ ಕೂದಲೆಳೆ ಸಂದಿಲ್ಲದೆ ಮರ ಕೊರೆಯಲೇಬೇಕು. ಸಂದಿದ್ದರೆ ಕಬ್ಬಿಣವೇ ಬೆಣೆಯಾಗಿ ಮರ ಒಡೆಯುತ್ತದೆ. ಇನ್ನು ಅಳತೆ. ಕಾರ್ಖಾನೆಯ ಹಿಡಿಗಳಲ್ಲಿ ಕುದುರೆಯಿಂದ ಹಿಂತುದಿಗೆ ಸುಮಾರು 13½ ಅಂಗುಲವಿರುತ್ತದೆ; ಗಿಡ್ಡನೆಯ ತೋಳಿಗೆ ಅದು ಉದ್ದವೇ. ಕೆನ್ನೆ ಊರಿದಾಗ ಕಣ್ಣು ತಾನಾಗಿ ಗುರಿಯ ನೇರಕ್ಕೆ ಬಂದರೆ ಹಿಡಿ ಸರಿಯಿದೆ ಎಂದರ್ಥ. ಕಡೆಗೆ ಒರೆಸುವ ಎಣ್ಣೆ ಅಗಸಿಯದು, ನಮ್ಮ ಕಡೆ ಹಿಂಡಿಯಾಗಿ ರೊಟ್ಟಿಯ ಜೊತೆ ಬರುವ ಅದೇ ಅಗಸಿ. ಗಾಳಿಗೆ ಗಟ್ಟಿಯಾಗುವ ಗುಣ ಅದಕ್ಕಿದೆ, ಆದ್ದರಿಂದ ತೆಳುವಾಗಿ ಹಲವು ಸಲ ಒರೆಸಬೇಕು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಹೊತ್ತಿಕೊಳ್ಳುವುದುಂಟು.

ಮರ ಎಷ್ಟೇ ಒಳ್ಳೆಯದಿರಲಿ, ಕೋವಿಯನ್ನು ಊರ ಬಡಿಗನ ಕೈಗೆ ಕೊಡಬೇಡಿ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು.