ಊಹಿಸಲು ಬಿಡಬೇಡಿ

ಮರೆವಿನ ಕಾಯಿಲೆಯ ಅಜ್ಜನನ್ನು ನೋಡಲು ಬಂದ ನೆಂಟರು ಮೊದಲು ಮಾಡುವುದು ಪರೀಕ್ಷೆ. ‘ನಾನ್ಯಾರು ಗೊತ್ತಾಯ್ತಾ? ಹೇಳಿ ನೋಡೋಣ!’ ಅಜ್ಜ ತಡವರಿಸಿ ‘ಸುರೇಶ’ ಅನ್ನುತ್ತಾರೆ. ಬಂದವನು ರಮೇಶ. ‘ನೆನಪಿಗೆ ಸ್ವಲ್ಪ ಕಸರತ್ತಾಗಲಿ ಅಂತ ಕೇಳಿದ್ದು’ ಎಂಬ ಸಮಜಾಯಿಷಿ ಬೇರೆ. ನಾಳೆಯೂ ಅಜ್ಜನ ಬಾಯಿಗೆ ಸುರೇಶನೇ ಬರಬಹುದು. ಕಸರತ್ತೇನೋ ಆಯಿತು, ಗಟ್ಟಿಯಾದದ್ದು ಮಾತ್ರ ತಪ್ಪು ಹೆಸರು.

ಹೀಗೇಕೆ? ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗ ತೆಗೆದರು. ಆಮೇಲೆ ಹೊಸದಾಗಿ ನಡೆದದ್ದು ಹೆಚ್ಚೂಕಡಿಮೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರಿಂದ ಕೈಯನ್ನು ಕನ್ನಡಿಯಲ್ಲಷ್ಟೇ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಿಸಿದರು. ಮೂರು ದಿನದಲ್ಲಿ ಕೈ ಪಳಗಿತು. ಆದರೆ ಹಿಂದೆ ತಿದ್ದಿದ್ದೇ ಅವರಿಗೆ ನೆನಪಿಲ್ಲ! ನಡೆದದ್ದನ್ನು ದಾಖಲಿಸುವ ನೆನಪು ಬೇರೆ, ಸದ್ದಿಲ್ಲದೆ ರೂಢಿಯಾಗುವ ನೆನಪು ಬೇರೆ. ‘ನಿನ್ನೆ ಸುರೇಶ ಅಂದೆ, ತಪ್ಪಾಯಿತು’ ಎಂದು ತಪ್ಪನ್ನು ಸೋಸುವ ಜರಡಿ ಮೊದಲನೆಯದು. ಅದು ಹರಿದವರಿಗೆ ರೂಢಿಯೇ ಗತಿ. ರೂಢಿಗೆ ಸರಿ–ತಪ್ಪಿನ ಗೊಡವೆಯಿಲ್ಲ, ಒಮ್ಮೆ ಬಾಯಿಗೆ ಬಂದದ್ದು ಮತ್ತೆ ಬರುತ್ತದೆ.

ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀವ್ರ ಮರೆವಿನ 16 ಮಂದಿ ಇದ್ದರು. ಕೆಲವು ಪದಗಳಿಗೆ ಮೊದಲ ಎರಡು ಅಕ್ಷರ ಹೇಳಿ ‘ಯಾವ ಪದ, ಊಹಿಸಿ’ ಎಂದರು. ಮಿಕ್ಕವನ್ನು ನೇರವಾಗಿ ಹೇಳಿಯೇ ಬರೆಸಿದರು. ಊಹೆಗೆ ಎಡೆಯಿಲ್ಲದೆ ಕಲಿತ ಪದಗಳೇ ಆ 16 ಮಂದಿಗೂ ಚೆನ್ನಾಗಿ ನಿಂತವು. ತಪ್ಪಿನಿಂದ ಕಲಿಯಬೇಕೆಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಜರಡಿ ನೆಟ್ಟಗಿದ್ದವರಿಗೆ ಮಾತ್ರ.

ಇದಕ್ಕೆ ಜೊತೆಯಾಗಿ ಇನ್ನೊಂದು ಉಪಾಯವಿದೆ. ಅಲ್ಝೈಮರ್ ರೋಗಿಗಳಿಗೆ ಅದನ್ನು ಒಗ್ಗಿಸಿದವರು ಅಮೆರಿಕದ ಕ್ಯಾಮರಾನ್ ಕ್ಯಾಂಪ್. ‘ಇವನು ರಮೇಶ, ನಿಮ್ಮ ತಂಗಿಯ ಮಗ. ಯಾರಿವನು?’ ಎಂದು ಹೇಳಿದ ಕೂಡಲೇ ಕೇಳಬೇಕು. ಉತ್ತರ ಬಂದರೆ ಹತ್ತು ಸೆಕೆಂಡು ಬಿಟ್ಟು ಮತ್ತೆ, ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ನಿಮಿಷಗಳಿಗೆ ಹಿಗ್ಗಿಸುತ್ತ ಹೋಗಬೇಕು. ನಡುವೆ ಬೇರೆ ಹರಟೆ ಇರಲಿ. ತಡವರಿಸಿದರೆ ಕಾಯಬಾರದು. ತಾವೇ ಉತ್ತರ ಹೇಳಿ, ಅವರಿಂದಲೂ ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ಮರಳಬೇಕು.

ಇದರಿಂದ ಒಟ್ಟು ಜ್ಞಾಪಕಶಕ್ತಿ ಚುರುಕಾಗುತ್ತದೆಂದು ನಂಬಬೇಡಿ. ರಮೇಶನ ಹೆಸರು ಕಲಿತದ್ದರಿಂದ ಕನ್ನಡಕ ಎಲ್ಲಿಟ್ಟೆನೆಂಬುದು ನೆನಪಾಗುವುದಿಲ್ಲ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕಾಗಿ 11,430 ಮಂದಿ ಆರು ವಾರ ಕಂಪ್ಯೂಟರಿನಲ್ಲಿ ಮಿದುಳಿನ ಆಟ ಆಡಿದ್ದರು. ಆಡಿದ ಆಟದಲ್ಲಿ ಪಳಗಿದರು, ಆ ಚುರುಕು ಬೇರೆ ಕೆಲಸಕ್ಕೆ ದಾಟಲಿಲ್ಲ. ಮೊಬೈಲಿಗೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ‘ಬ್ರೇನ್ ಗೇಮ್’ಗಳ ಬಗ್ಗೆ ನನಗೆ ಅನುಮಾನ ಇರುವುದು ಇದಕ್ಕೇ.

ಆದ್ದರಿಂದ ಏನು ಕಲಿಸುತ್ತೇವೆ ಎಂಬುದರಲ್ಲೇ ಜಾಣತನ. ಇಂದಿನ ಕೆಲಸಗಳ ಪಟ್ಟಿ ಕಲಿಸಿದರೆ ನಾಳೆಗೆ ದಂಡ. ‘ಇವತ್ತು ಏನು ಕೆಲಸ ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿ, ‘ಕ್ಯಾಲೆಂಡರ್ ನೋಡ್ತೀನಿ’ ಎಂಬ ಉತ್ತರವನ್ನೂ, ಎದ್ದು ಹೋಗಿ ನೋಡುವುದನ್ನೂ ಇದೇ ರೀತಿ ರೂಢಿ ಮಾಡಿಸಬೇಕು. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡುವುದು ಮನೆಯವರ ಪಾಲಿನ ಕೆಲಸ.